ಕಾನ್ವೆಂಟಿನ ಚಿಕ್ಕ ಬಾಗಿಲು

ನಮ್ಮ ಸೀಮೆಯಲ್ಲಿ ಅರ್ಥ ಕೆಟ್ಟುಹೋದ ಪದಗಳ ಪಟ್ಟಿ ಮಾಡಿದರೆ ‘ಕಾನ್ವೆಂಟು’ ಎಂಬ ಪದಕ್ಕೆ ಮೊದಲ ಸಾಲಿನಲ್ಲೇ ಜಾಗ ಕೊಡಬೇಕು. ಹುಣಸೂರಿನಿಂದ ಹೊರಟು ಪಿರಿಯಾಪಟ್ಟಣ, ಬೈಲಕುಪ್ಪೆ ದಾಟಿ ನಮ್ಮ ಕೊಪ್ಪದವರೆಗೆ ರಸ್ತೆಯ ಎಡಬಲ ನೋಡುತ್ತ ಬನ್ನಿ. ದೇವರ ಹೆಸರಿನ ಕಾನ್ವೆಂಟು, ಮಾಲೀಕನ ಅಜ್ಜಿಯ ಹೆಸರಿನ ಕಾನ್ವೆಂಟು, ಹಿಂದೆ ರೇಷನ್ ಅಂಗಡಿಯಿದ್ದ ಎರಡು ಕೋಣೆಯ ಮಳಿಗೆಯಲ್ಲಿ ಕಾನ್ವೆಂಟು. ಮಗುವಿಗೆ ಟೈ ಕಟ್ಟಿಸಿ, ಕಾಲಿಗೆ ಕಪ್ಪು ಬೂಟು ಹಾಕಿಸಿ, ‘ರೈನ್ ರೈನ್’ ಹಾಡಿಸಿದರೆ ಆಯಿತು, ಅದು ಕಾನ್ವೆಂಟು. ‘ನಮ್ಮ ಹುಡುಗಿ ಕಾನ್ವೆಂಟಿಗೆ ಹೋಗ್ತಾಳೆ ಕಣಕ್ಕ’ ಎಂದು ಹೇಳುವಾಗ ತಾಯಿಯ ದನಿಯಲ್ಲಿ ಬರುವ ಏರನ್ನು ನೀವೂ ಕೇಳಿರುತ್ತೀರಿ.

ಕಾನ್ವೆಂಟು ಎಂದರೆ ಕನ್ಯಾಸ್ತ್ರೀಯರು ಒಟ್ಟಾಗಿ ಬಾಳುವ ಮಠ. ಅವರು ನಡೆಸಿದ ಶಾಲೆಗೆ ಜನ ಆ ಹೆಸರನ್ನೇ ಕೊಟ್ಟರು. ಹೀಗೆ ಹೆಂಗಸರ ಮಠವೊಂದರ ಹೆಸರು ಹೆಂಗಸರ ಮಾತೇ ನಡೆಯದ ಅಂಗಡಿಗಳ ಬೋರ್ಡಿನ ಮೇಲೆ ಏರಿ ಕುಳಿತಿತು. ಇದು ಬರಿಯ ಪದದ ಅಪಭ್ರಂಶವಾಗಿದ್ದರೆ ನಾನು ಇಷ್ಟು ದೂರ ಬರೆಯುತ್ತಿರಲಿಲ್ಲ. ಪದದ ಜೊತೆಗೆ ಒಂದು ಚರಿತ್ರೆಯೂ ಕಳೆದುಹೋಗಿದೆ. ಕಳೆದವರಲ್ಲಿ ಕಾನ್ವೆಂಟನ್ನು ಪೂಜಿಸುವವರೂ ಇದ್ದಾರೆ, ಬೈಯುವವರೂ ಇದ್ದಾರೆ. ಬಹಳ ಬೇಸರದ ಮಾತೆಂದರೆ, ಕಾನ್ವೆಂಟು ನಡೆಸುವವರೇ ಅನೇಕರು ಇದ್ದಾರೆ.

ಚರಿತ್ರೆ ಎಂದಮೇಲೆ ಒಂದು ನಿಜವಾದ ಶಾಲೆಯ ಅಂಗಳಕ್ಕೆ ಹೋಗಿ ನಿಲ್ಲಬೇಕು. ನಮ್ಮ ಊರ ಮುಂದಿನ ರಸ್ತೆಯನ್ನೇ ಹಿಡಿಯೋಣ. ಕಾವೇರಿ ಸೇತುವೆ ದಾಟಿದರೆ ಕುಶಾಲನಗರ, ಮೇಲೆ ಮಡಿಕೇರಿ, ಸಂಪಾಜೆ ಘಟ್ಟ ಇಳಿದರೆ ಸುಳ್ಯ, ಪುತ್ತೂರು, ಕೊನೆಗೆ ಮಂಗಳೂರು. 1956ರವರೆಗೆ ಈ ಒಂದೇ ರಸ್ತೆ ಮೂರು ರಾಜ್ಯಗಳಲ್ಲಿ ಹಾಯುತ್ತಿತ್ತು. ಕೊಪ್ಪ ಮೈಸೂರಿನದು, ಹೊಳೆಯಾಚೆಯದು ಕೊಡಗು, ಘಟ್ಟದ ಕೆಳಗಿನದು ಮದರಾಸಿನದು. ಆ ರಸ್ತೆಯ ತುದಿಯ ಮಂಗಳೂರಿನಲ್ಲಿ 1870ರ ನವೆಂಬರ್ 19ರಂದು ಫ್ರಾನ್ಸಿನ ಬಯೋನ್ ಎಂಬ ಊರಿನಿಂದ ಮೂವರು ಕನ್ಯಾಸ್ತ್ರೀಯರು ಬಂದಿಳಿದರು. ಅವರ ಹಿರಿಯರು ಮದರ್ ಮಾರಿ ದೆ ಝಾಂಜ್. ಅಪೊಸ್ತಲಿಕ್ ಕಾರ್ಮೆಲ್ ಎಂಬ ಅವರ ಸಭೆಗೆ ಆಗ ಎರಡು ವರ್ಷ ವಯಸ್ಸು. ಅವರು ಮಂಗಳೂರಿನಲ್ಲಿ ತೆರೆದ ಹೆಣ್ಣುಮಕ್ಕಳ ಶಾಲೆಯೇ ಸಂತ ಆನ್ನರ ಶಾಲೆ, ಊರವರ ಬಾಯಲ್ಲಿ ಸೇಂಟ್ ಆನ್ಸ್.

ಆ ಸಭೆಯನ್ನು ಕಟ್ಟಿದವರ ಕತೆಯೇ ಒಂದು ಕಾದಂಬರಿಗಾಗುವಷ್ಟಿದೆ. ಸೋಫಿ ಲೀವ್ಸ್ ಎಂಬ ಇಂಗ್ಲಿಷ್ ಹೆಣ್ಣುಮಗಳು 1823ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಹುಟ್ಟಿದಳು. ತಂದೆ ಆಂಗ್ಲಿಕನ್ ಪಾದ್ರಿ. ಮಗಳು ಮನೆಯವರ ಮತ ಬಿಟ್ಟು ಕೆಥೋಲಿಕಳಾಗಿ, ಕನ್ಯಾಸ್ತ್ರೀಯಾಗಿ, 1860ರ ದಶಕದಲ್ಲಿ ಕೋಝಿಕ್ಕೋಡಿಗೆ ಬಂದು ಹುಡುಗಿಯರಿಗೆ ಪಾಠ ಹೇಳಿದಳು. ಮಠದೊಳಗೆ ಪ್ರಾರ್ಥನೆ ಮಾಡಿಕೊಂಡಿರುವ ಕಾರ್ಮೆಲ್ ಸನ್ಯಾಸಿನಿಯರು ಮೊದಲೇ ಇದ್ದರು. ಮದರ್ ವೆರೋನಿಕಾ ಎಂದು ಹೆಸರಾದ ಈಕೆ, ಪ್ರಾರ್ಥನೆಯ ಜೊತೆಗೆ ಬಾಗಿಲು ತೆರೆದು ಪಾಠ ಹೇಳುವ ಕಾರ್ಮೆಲ್ ಒಂದು ಬೇಕು ಎಂದು ಹಟ ಹಿಡಿದು 1868ರಲ್ಲಿ ಬಯೋನಿನಲ್ಲಿ ಅದನ್ನು ಶುರುಮಾಡಿದರು. ಅವರನ್ನು ಮಂಗಳೂರಿಗೆ ಕರೆಸಿಕೊಂಡವರು ಆಗಿನ ಬಿಷಪ್ ಮಾರಿ ಎಫ್ರೆಮ್. ಅದೇ 1870ರಲ್ಲಿ ಮಂಗಳೂರಿನಲ್ಲಿ ಹೊರಗೆ ಬಾರದ ಕಾರ್ಮೆಲ್ ಮಠವನ್ನೂ ಸ್ಥಾಪಿಸಲು ಫ್ರಾನ್ಸಿನಿಂದ ಇನ್ನೊಂದು ತಂಡ ಹೊರಟಿತ್ತು. ಆ ಪಯಣದಲ್ಲಿ ಕೆಲವರು ಊರು ಮುಟ್ಟುವ ಮುಂಚೆಯೇ ತೀರಿಕೊಂಡರು. ಮುಟ್ಟಿದವರಲ್ಲಿ ಒಬ್ಬಳು ಪ್ಯಾಲೆಸ್ತೀನಿನ ಬಡ ಹುಡುಗಿ ಮರಿಯಂ ಬವಾರ್ದಿ. 2015ರಲ್ಲಿ ರೋಮಿನಲ್ಲಿ ಆಕೆಯನ್ನು ಸಂತಳೆಂದು ಸಾರಿದರು. ಮದರ್ ವೆರೋನಿಕಾ 1906ರಲ್ಲಿ ಫ್ರಾನ್ಸಿನ ಪೋ ಪಟ್ಟಣದ ಮಠದಲ್ಲಿ ಕಣ್ಣುಮುಚ್ಚಿದರು.

ಮಂಗಳೂರಿನ ಶಾಲೆ ನಿಲ್ಲಲಿಲ್ಲ, ಬೆಳೆಯಿತು. ಗಂಡುಮಕ್ಕಳಿಗೆ ಯೇಸುಸಭೆಯವರು ಸಂತ ಅಲೋಶಿಯಸ್ ಕಾಲೇಜು ತೆರೆದದ್ದು 1880ರಲ್ಲಿ. ಹೆಣ್ಣುಮಕ್ಕಳ ಕಾಲೇಜಿಗೆ 1921ರವರೆಗೆ ಕಾಯಬೇಕಾಯಿತು. ಆ ವರ್ಷ ಮದರ್ ಅಲೋಶಿಯಾ ಸಂತ ಆಗ್ನೆಸ್ ಕಾಲೇಜನ್ನು ಶುರುಮಾಡಿದರು. ಅಣ್ಣನಿಗೂ ತಂಗಿಗೂ ನಡುವೆ ನಲವತ್ತೊಂದು ವರ್ಷದ ಅಂತರ! ಆದರೂ ನೂರು ವರ್ಷದ ಹಿಂದೆ ಒಬ್ಬ ಹೆಂಗಸು ಹೆಣ್ಣುಮಕ್ಕಳಿಗೆ ಕಾಲೇಜು ಕಟ್ಟುತ್ತೇನೆಂದು ಹೊರಟು ಕಟ್ಟಿ ತೋರಿಸಿದಳೆಂಬುದು ಸಣ್ಣ ಮಾತಲ್ಲ. 1940ರ ದಶಕದ ಹೊತ್ತಿಗೆ ಸಂತ ಆನ್ನರ ಅಂಗಳದಲ್ಲೇ ಶಿಕ್ಷಕಿಯರನ್ನು ತಯಾರು ಮಾಡುವ ಕಾಲೇಜೂ ಬಂತು.

ಇಷ್ಟನ್ನು ಯಾವ ಸ್ಮರಣ ಸಂಚಿಕೆಯಾದರೂ ಹೇಳುತ್ತದೆ. ಬೆಳ್ಳಿಹಬ್ಬ, ಚಿನ್ನದ ಹಬ್ಬ, ಶತಮಾನೋತ್ಸವ ಎಂದು ನಮ್ಮ ಕಡೆಯ ಕಾನ್ವೆಂಟುಗಳು ತರುವ ಸಂಚಿಕೆಗಳನ್ನು ಸಿಕ್ಕಿದಲ್ಲೆಲ್ಲ ಓದುವುದು ನನ್ನ ಹವ್ಯಾಸ. ಎಲ್ಲವೂ ಒಂದೇ ಅಚ್ಚಿನವು. ಮೊದಲು ಬಿಷಪ್ಪರ ಸಂದೇಶ, ಮಂತ್ರಿಗಳ ಸಂದೇಶ. ಆಮೇಲೆ ಸ್ಥಾಪಕರ ಭಾವಚಿತ್ರ. ಕಟ್ಟಡ ಎದ್ದ ವರ್ಷ, ಎರಡನೆಯ ಮಹಡಿ ಏರಿದ ವರ್ಷ, ಸಭಾಂಗಣಕ್ಕೆ ಕಲ್ಲುಹಾಕಿದ ವರ್ಷ. ರ್‍ಯಾಂಕು ಬಂದವರ ಫೋಟೋ. ಹಳೆಯ ವಿದ್ಯಾರ್ಥಿನಿಯರಲ್ಲಿ ಡಾಕ್ಟರಾದವರು, ಅಮೆರಿಕಕ್ಕೆ ಹೋದವರು, ಅಧಿಕಾರಿಗಳಾದವರು. ಅಲ್ಲಿ ಕಾಣದವರೇ ನನಗೆ ಬೇಕಾದವರು.

ಆ ಕಾಲದ ಕಾನ್ವೆಂಟುಗಳ ವಾಡಿಕೆಯನ್ನು ಬಲ್ಲವರಿಗೆ ಇದು ಗೊತ್ತು: ಒಂದೇ ಕಾಂಪೌಂಡಿನಲ್ಲಿ ಎರಡು ಶಾಲೆಗಳಿರುತ್ತಿದ್ದವು. ದೊಡ್ಡ ಬಾಗಿಲಿನದು ಫೀಸು ಕೊಡುವವರ ಶಾಲೆ. ಅಲ್ಲಿ ಇಂಗ್ಲಿಷು, ಪಿಯಾನೋ, ಕಸೂತಿ. ಪಕ್ಕದ ಚಿಕ್ಕ ಬಾಗಿಲಿನದು ಬಡವರ ಶಾಲೆ, ಅನಾಥಾಲಯ. ಅಲ್ಲಿ ಊರಿನ ಭಾಷೆ, ಹೊಲಿಗೆ, ಅಡುಗೆ. ದೊಡ್ಡ ಬಾಗಿಲಿನ ಹಣದಲ್ಲಿ ಚಿಕ್ಕ ಬಾಗಿಲಿನ ಅನ್ನ ಬೇಯುತ್ತಿತ್ತು. ಇದನ್ನು ದಾನವೆನ್ನಿ, ಭೇದವೆನ್ನಿ, ಎರಡೂ ನಿಜ. ಒಂದೇ ದೇವರಿಗೆ ಕೈಮುಗಿದ ಮಕ್ಕಳು ಎರಡು ಬಾಗಿಲಿನಲ್ಲಿ ಒಳಗೆ ಬರುವ ವ್ಯವಸ್ಥೆಯನ್ನು ನಾನು ಹೊಗಳಲಾರೆ. ಆದರೆ ಆ ಚಿಕ್ಕ ಬಾಗಿಲೊಂದು ಇತ್ತು. ಅದರಿಂದ ಹೊರಗೆ ಬಂದವರ ಹೆಸರನ್ನು ಯಾವ ಸಂಚಿಕೆಯಲ್ಲಿ ಅಚ್ಚುಹಾಕಿದ್ದಾರೆ, ಹೇಳಿ?

ನನ್ನ ದೊಡ್ಡಮ್ಮನ ಮಗಳೊಬ್ಬಳು ಹಾಗೆ ಹೊರಗೆ ಬಂದವಳು. ತಂದೆಯಿಲ್ಲದ ಹುಡುಗಿ. ಹೊಳೆ ದಾಟಿ ಕನ್ಯಾಸ್ತ್ರೀಯರ ಬೋರ್ಡಿಂಗಿನಲ್ಲಿದ್ದು, ಬೆಳಿಗ್ಗೆ ಅಂಗಳ ಗುಡಿಸಿ, ತರಕಾರಿ ಹೆಚ್ಚಿಕೊಟ್ಟು, ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದಳು. ಟಿ.ಸಿ.ಎಚ್. ಮಾಡಿ ಹುಣಸೂರು ತಾಲೂಕಿನ ಹಳ್ಳಿಯ ಶಾಲೆಗೆ ಮೇಡಂ ಆಗಿ ಹೋದಳು. ಅವಳಿಗೆ ಇಂಗ್ಲಿಷ್ ಪೇಪರು ಓದಲು ಬರುತ್ತಿರಲಿಲ್ಲ. ಆದರೆ ಮೂವತ್ತಕ್ಕೂ ಹೆಚ್ಚು ವರ್ಷ ಅವಳ ಕೈಯಲ್ಲಿ ಅಕ್ಷರ ತಿದ್ದಿದ ಮಕ್ಕಳ ಲೆಕ್ಕ ಯಾರಿಟ್ಟಿದ್ದಾರೆ? ಅವಳ ಸಂಬಳದಲ್ಲಿ ತಮ್ಮಂದಿರು ಓದಿದರು, ತಂಗಿಯ ಮದುವೆಯಾಯಿತು. ‘ನಿಮ್ಮ ಸಿಸ್ಟರುಗಳು ಏನು ಕಲಿಸಿದರೇ ಅಕ್ಕಾ?’ ಎಂದು ನಾನು ಒಮ್ಮೆ ಕೇಳಿದ್ದೆ. ‘ಏನಿಲ್ಲ ಕಣೇ. ಹೆಂಗಸರೇ ಬೀಗದ ಕೈ ಇಟ್ಕೊಂಡಿರೋದನ್ನ ನಾನು ಮೊದಲು ನೋಡಿದ್ದೇ ಅಲ್ಲಿ. ದುಡ್ಡಿನ ಲೆಕ್ಕ ಅವರದ್ದೇ, ಗಾರೆ ಕೆಲಸದೋರ ಹತ್ರ ಜಗಳ ಆಡೋದೂ ಅವರೇ’ ಎಂದಳು.

ಈ ಮಾತಿನಲ್ಲಿ ಕಾನ್ವೆಂಟಿನ ಚರಿತ್ರೆಯ ತಿರುಳಿದೆಯೆಂದು ನಾನು ತಿಳಿದಿದ್ದೇನೆ. ಹೆಣ್ಣೊಬ್ಬಳು ತಂದೆಯ ಮನೆ ಬಿಟ್ಟರೆ ಗಂಡನ ಮನೆ ಎಂದಿದ್ದ ಕಾಲದಲ್ಲಿ, ಮೂರನೆಯ ಒಂದು ಮನೆಯುಂಟು, ಅಲ್ಲಿ ಹೆಂಗಸರೇ ಯಜಮಾನರು ಎಂದು ತೋರಿಸಿದ್ದು ಮೊದಲನೆಯದು. ದೂರದ ಊರಿನ ಹುಡುಗಿಗೆ ರಾತ್ರಿ ಮಲಗಲು ಒಂದು ಚಾಪೆ, ಹೊರಗೆ ಒಂದು ಗೇಟು, ಎರಡು ಹೊತ್ತು ಗಂಜಿ ಕೊಟ್ಟದ್ದು ಎರಡನೆಯದು. ಕಲಿತವಳನ್ನು ಕಲಿಸುವವಳನ್ನಾಗಿ ಮಾಡಿ ಹಳ್ಳಿಗಳಿಗೆ ಕಳಿಸಿದ್ದು ಮೂರನೆಯದು. ಈ ಮೂರರಲ್ಲಿ ಇಂಗ್ಲಿಷಿನ ಮಾತೇ ಇಲ್ಲ. ನಾವಿಂದು ಕಾನ್ವೆಂಟಿನಿಂದ ಬೇಡುತ್ತಿರುವುದೋ ಇಂಗ್ಲಿಷೊಂದನ್ನೇ.

ಇಲ್ಲಿ ಇಬ್ಬರು ನನ್ನ ಮೇಲೆ ಎಗರಿ ಬೀಳುತ್ತಾರೆಂದು ಬಲ್ಲೆ. ಒಬ್ಬರು ಕಾನ್ವೆಂಟಿನ ಭಕ್ತರು. ‘ಮಿಷನರಿಗಳು ಬರದಿದ್ದರೆ ನಮ್ಮ ಹೆಂಗಸರು ಇನ್ನೂ ಒಲೆ ಊದುತ್ತಿದ್ದರು’ ಎನ್ನುವವರು. ಇದು ಪೂರ್ತಿ ನಿಜವಲ್ಲ. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಹುಡುಗಿಯರಿಗೆ ಪಾಠ ಹೇಳಲು ನಿಂತದ್ದು 1848ರಲ್ಲಿ, ಬಯೋನಿನ ಸಿಸ್ಟರುಗಳು ಹಡಗು ಹತ್ತುವುದಕ್ಕೆ ಇಪ್ಪತ್ತೆರಡು ವರ್ಷ ಮುಂಚೆ. ಮೈಸೂರಿನಲ್ಲಿ ಅಂಬಳೆ ನರಸಿಂಹ ಅಯ್ಯಂಗಾರರು ಅರಮನೆಯ ಆಸರೆಯಲ್ಲಿ ಮಹಾರಾಣಿ ಶಾಲೆಯನ್ನು ತೆರೆದದ್ದು 1881ರಲ್ಲಿ. ಮೊದಮೊದಲು ಅದು ಮೇಲ್ಜಾತಿಯ ಹುಡುಗಿಯರದಾಗಿತ್ತೆಂಬುದನ್ನೂ ಹೇಳಬೇಕು. ಮಂಗಳೂರಿನಲ್ಲೇ ಕುದ್ಮುಲ್ ರಂಗರಾಯರು ಬೈಗುಳ, ಬಹಿಷ್ಕಾರ ಎರಡನ್ನೂ ಉಂಡು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಅಮ್ಮೆಂಬಳ ಸುಬ್ಬರಾವ್ ಪೈಗಳು 1894ರಲ್ಲಿ ಕೆನರಾ ಹೆಣ್ಣುಮಕ್ಕಳ ಶಾಲೆ ಕಟ್ಟಿದರು. ಬಾಸೆಲ್ ಮಿಷನ್ನಿನ ಪ್ರಾಟೆಸ್ಟಂಟರು 1834ರಿಂದಲೇ ಆ ಊರಿನಲ್ಲಿದ್ದರು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಹೆಂಗಸರಲ್ಲಿ ನೂರಕ್ಕೆ 84 ಮಂದಿ ಓದುಬರಹ ಬಲ್ಲವರು, ನಮ್ಮ ಮೈಸೂರು ಜಿಲ್ಲೆಯಲ್ಲಿ 67 ಮಂದಿ. ಈ ಹದಿನೇಳರ ಅಂತರ ಒಂದು ಮತದವರ ಕೊಡುಗೆಯಲ್ಲ. ಒಬ್ಬರನ್ನು ನೋಡಿ ಒಬ್ಬರು ಪೈಪೋಟಿಗೆ ಬಿದ್ದು ಹೆಣ್ಣುಮಕ್ಕಳಿಗೆ ಶಾಲೆ ಕಟ್ಟಿದ ಊರಿನ ಪುಣ್ಯವೂ ಅದರಲ್ಲಿ ಸೇರಿದೆ. ನಮ್ಮ ಕಡೆ ಅಂಥ ಪೈಪೋಟಿ ಮೈಸೂರು ಪೇಟೆಯ ಎಲ್ಲೆಯಲ್ಲೇ ನಿಂತುಹೋಯಿತು.

ಇನ್ನೊಬ್ಬರು ಕಾನ್ವೆಂಟಿನ ವೈರಿಗಳು. ‘ಅದು ಮತಾಂತರದ ಕಾರ್ಖಾನೆ’ ಎನ್ನುವವರು. ಇವರನ್ನು ಒಂದು ಸರಳ ಪ್ರಶ್ನೆ ಕೇಳುತ್ತೇನೆ. ನೂರೈವತ್ತು ವರ್ಷದಿಂದ ಬ್ರಾಹ್ಮಣರ, ಬಂಟರ, ಒಕ್ಕಲಿಗರ, ಲಿಂಗಾಯತರ, ಮುಸಲ್ಮಾನರ ಹೆಣ್ಣುಮಕ್ಕಳು ಸಾಲುಗಟ್ಟಿ ಇಲ್ಲಿ ಓದಿದ್ದಾರೆ. ಅವರೆಲ್ಲ ಮತ ಬಿಟ್ಟಿದ್ದರೆ ನಿಮ್ಮ ಮನೆಯ ಗೌರಿಹಬ್ಬಕ್ಕೆ ಬಾಗಿನ ಕೊಡಲು ಯಾರು ಬರುತ್ತಿದ್ದರು? ಕನ್ಯಾಸ್ತ್ರೀಯರು ತಮ್ಮ ದೇವರಿಗಾಗಿಯೇ ಬಂದವರು, ಅದನ್ನು ಅವರು ಎಂದೂ ಮುಚ್ಚಿಟ್ಟಿಲ್ಲ. ಪಾಠಕ್ಕೆ ಮಗಳನ್ನು ಕಳಿಸುವಾಗ ಇಲ್ಲದ ಗುಮಾನಿ, ಮಗಳಿಗೆ ಸೀಟು ಸಿಗದಿದ್ದ ದಿನ ಹುಟ್ಟುವುದನ್ನು ನಾನು ಕಂಡಿದ್ದೇನೆ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ದಾಳಿ ನಡೆದದ್ದು ಹೊರಗೆ ಬಾರದೆ ಪ್ರಾರ್ಥನೆಯಲ್ಲೇ ಬಾಳುವ ಕನ್ಯಾಸ್ತ್ರೀಯರ ಮಠದ ಮೇಲೆ. ಹೆಂಗಸರೇ ಇರುವ ಮನೆಗೆ ನುಗ್ಗಿ ವಿಗ್ರಹ ಒಡೆಯುವುದು ಯಾವ ಧರ್ಮದ ರಕ್ಷಣೆಯೆಂದು ನನಗೆ ಈವರೆಗೂ ಅರ್ಥವಾಗಿಲ್ಲ. ಇಂಥವರ ಜೊತೆ ದನಿ ಸೇರಿಸಲು ನಾನು ಈ ಲೇಖನ ಬರೆಯುತ್ತಿಲ್ಲ ಎಂಬುದನ್ನು ಇಲ್ಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ.

ನನ್ನ ಜಗಳ ಬೇರೆ. ಅದು ಮನೆಯವರ ಜೊತೆಗಿನ ಜಗಳದಂಥದು.

ಹಳೆಯ ಕಾನ್ವೆಂಟಿನಲ್ಲಿ ದೋಷವಿರಲಿಲ್ಲವೇ? ಬೇಕಾದಷ್ಟಿತ್ತು. ಒಳ್ಳೆಯ ಹೆಂಡತಿ, ಒಳ್ಳೆಯ ತಾಯಿ, ಭಕ್ತಿಯ ಮಗಳು, ಇವರನ್ನು ತಯಾರು ಮಾಡುವುದೇ ಆ ಶಿಕ್ಷಣದ ಗುರಿಯಾಗಿತ್ತು. ನಗು ಮೆಲ್ಲಗೆ, ನಡೆ ಮೆಲ್ಲಗೆ, ಪ್ರಶ್ನೆ ಇನ್ನೂ ಮೆಲ್ಲಗೆ. ಕಲಿಸಿದ ಸನ್ಯಾಸಿನಿಯರೇ ಮನೆಮಾರು ಬಿಟ್ಟು, ಸಮುದ್ರ ದಾಟಿ, ಬಿಷಪ್ಪರ ಜೊತೆ ವಾದ ಹೂಡಿದ ಗಟ್ಟಿಗಿತ್ತಿಯರು. ಕಲಿಸಿದ್ದು ಮಾತ್ರ ತಗ್ಗಿ ಬಗ್ಗಿ ನಡೆಯುವ ಪಾಠ! ಪುಣ್ಯಕ್ಕೆ ಮಕ್ಕಳು ಹೇಳಿದ್ದನ್ನು ಕೇಳುವುದಕ್ಕಿಂತ ಮಾಡಿದ್ದನ್ನು ನೋಡಿ ಕಲಿಯುತ್ತಾರೆ. ನನ್ನ ಅಕ್ಕ ಬೀಗದ ಕೈ ನೋಡಿದಂತೆ.

ಆದರೆ ಹಳೆಯ ದೋಷಗಳಿಗಿಂತ ಹೊಸ ದೋಷ ದೊಡ್ಡದು. ಚಿಕ್ಕ ಬಾಗಿಲು ಮುಚ್ಚುತ್ತಿದೆ.

ಎಷ್ಟೋ ಊರುಗಳಲ್ಲಿ ನೋಡಿ. ಸರ್ಕಾರದ ಅನುದಾನವಿರುವ ಕನ್ನಡ ವಿಭಾಗದಲ್ಲಿ ನಿವೃತ್ತರಾದ ಶಿಕ್ಷಕಿಯರ ಜಾಗ ತುಂಬಿಲ್ಲ, ಬೆಂಚುಗಳು ಖಾಲಿ. ಅದೇ ಅಂಗಳದ ಅನುದಾನರಹಿತ ಇಂಗ್ಲಿಷ್ ವಿಭಾಗಕ್ಕೆ ಹೊಸ ಮಹಡಿ ಏಳುತ್ತಿದೆ. ಬಸ್ಸು ಬಂದಿದೆ, ಸ್ಮಾರ್ಟ್ ಬೋರ್ಡು ಬಂದಿದೆ. ಬೋರ್ಡಿಂಗಿದ್ದ ಕಟ್ಟಡ ಕಂಪ್ಯೂಟರ್ ಕೋಣೆಯಾಗಿದೆ. ಟೀಚರು ತರಬೇತಿ ಶಾಲೆಗೆ ಕೇಳುವವರಿಲ್ಲ. ನಮ್ಮ ಬೀದಿಯ ಹುಡುಗಿಯೊಬ್ಬಳು ಓದುತ್ತಿದ್ದ ಒಂದು ಶಾಲೆಯಲ್ಲಿ ಆಟದ ಬಯಲಿನಲ್ಲಿ ಕನ್ನಡ ಮಾತಾಡಿದ್ದಕ್ಕೆ ದಂಡ ಹಾಕಿದರು. ಹತ್ತು ರೂಪಾಯಿ. ಮುಖ್ಯೋಪಾಧ್ಯಾಯಿನಿಯವರನ್ನು ಕಾಣಲು ಆ ತಾಯಿಯ ಜೊತೆ ನಾನೂ ಹೋಗಿದ್ದೆ. ‘ಪೇರೆಂಟ್ಸೇ ಕೇಳ್ತಾರಲ್ಲಾ ಮೇಡಂ, ಮಕ್ಕಳು ಇಂಗ್ಲಿಷೇ ಮಾತಾಡಬೇಕು ಅಂತ’ ಎಂದರು. ದಂಡ ಕಟ್ಟಿದ ತಾಯಿ ತಲೆ ತಗ್ಗಿಸಿ ಕುಳಿತಳು. ಅವಳ ಮಾತೃಭಾಷೆ ಅವಳ ಮಗಳ ಅಪರಾಧವಾಗಿತ್ತು. ಬಯೋನಿನಿಂದ ಬಂದ ಹೆಂಗಸರಿಗೆ ಕನ್ನಡವೂ ಕೊಂಕಣಿಯೂ ಮಾತೃಭಾಷೆಯಾಗಿರಲಿಲ್ಲ. ಪರಭಾಷೆಯ ಕಷ್ಟ ಎಂಥದೆಂದು ಬಲ್ಲವರು ಕಟ್ಟಿದ ಪರಂಪರೆಯ ಹೆಸರಿನಲ್ಲಿ ಇಂಥ ದಂಡ!

ಈ ಬಾಗಿಲು ಮುಚ್ಚುವುದಕ್ಕೆ ಕಾನೂನೂ ಬೀಗ ಒದಗಿಸಿತು. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆಯಲ್ಲೋ ಕನ್ನಡದಲ್ಲೋ ಕಲಿಸಬೇಕೆಂದು ಕರ್ನಾಟಕ ಸರ್ಕಾರ 1994ರಲ್ಲಿ ಆಜ್ಞೆ ಹೊರಡಿಸಿತು. ಇಪ್ಪತ್ತು ವರ್ಷ ಕೋರ್ಟು ಅಲೆದು, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಹಾಗೆ ಬಲವಂತ ಮಾಡುವ ಅಧಿಕಾರ ಸರ್ಕಾರಕ್ಕಿಲ್ಲ ಎಂದಿತು. ಅದೇ ದಿನ ಅದೇ ಪೀಠದಿಂದ ಇನ್ನೊಂದು ತೀರ್ಪು ಬಂತು. ಖಾಸಗಿ ಶಾಲೆಗಳು ಕಾಲು ಭಾಗ ಸೀಟುಗಳನ್ನು ಬಡ ಮತ್ತು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳಿತ್ತಷ್ಟೆ. ಸಂವಿಧಾನದ 30ನೇ ವಿಧಿಯ ರಕ್ಷಣೆಯಿರುವ ಅಲ್ಪಸಂಖ್ಯಾತರ ಶಾಲೆಗಳಿಗೆ, ಅನುದಾನವಿರಲಿ ಇಲ್ಲದಿರಲಿ, ಆ ಕಾಯಿದೆ ಅನ್ವಯಿಸದು ಎಂಬುದು ಆ ತೀರ್ಪು. ಮೊದಲನೆಯ ತೀರ್ಪಿನ ಬಗ್ಗೆ ಕನ್ನಡದ ಪತ್ರಿಕೆಗಳಲ್ಲಿ ಪುಟಗಟ್ಟಲೆ ಚರ್ಚೆಯಾಯಿತು. ಎರಡನೆಯದನ್ನು ಕುರಿತು ನಮ್ಮ ಮಹಿಳಾ ಸಮಾಜಗಳಲ್ಲಿ ಒಂದು ಸಭೆ ನಡೆದದ್ದೂ ನಾನು ಕಾಣೆ. ಆ ಎರಡನೆಯ ತೀರ್ಪು ಸರಿಯೇ ಎಂಬ ಸಂಶಯವನ್ನು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನದೇ ಇಬ್ಬರು ನ್ಯಾಯಮೂರ್ತಿಗಳು ಎತ್ತಿ, ಇನ್ನೂ ದೊಡ್ಡ ಪೀಠ ನೋಡಲಿ ಎಂದಿದ್ದಾರೆ.

ಅಲ್ಪಸಂಖ್ಯಾತರಿಗೆ ಆ ರಕ್ಷಣೆ ಬೇಕು, ಅದನ್ನು ಕಿತ್ತುಕೊಳ್ಳಿ ಎಂದು ನಾನು ಹೇಳುವವಳಲ್ಲ. 2008ನ್ನು ಕಂಡವರು ಯಾರೂ ಹೇಳಲಾರರು. ಆದರೆ ಬಾಗಿಲು ತೆರೆಯಲೇಬೇಕೆಂದು ಕಾನೂನು ಹೇಳದಿದ್ದರೆ, ತೆರೆಯಬೇಡಿ ಎಂದು ಹೇಳಿದಂತಾಯಿತೇ? 1870ರಲ್ಲಿ ಯಾವ ಕಾಯಿದೆ ಆ ಮೂವರಿಗೆ ಬಡವರ ಮಕ್ಕಳನ್ನು ಸೇರಿಸಿಕೊಳ್ಳಿ ಎಂದು ಆಜ್ಞೆ ಮಾಡಿತ್ತು? ಸ್ವಂತ ಮನಸ್ಸಿನಿಂದ ತೆರೆದ ಬಾಗಿಲನ್ನು ನೂರೈವತ್ತು ವರ್ಷದ ಮೇಲೆ ಕೋರ್ಟಿನ ತೀರ್ಪಿನ ನೆಪದಲ್ಲಿ ಮುಚ್ಚಿಕೊಂಡರೆ, ಉತ್ಸವದ ದಿನ ಸ್ಥಾಪಕಿಯರ ಭಾವಚಿತ್ರಕ್ಕೆ ಹಾರ ಹಾಕುವ ಹಕ್ಕು ಯಾರಿಗಿದೆ?

ಸರ್ಕಾರವೇನು ಕಡಿಮೆಯಿಲ್ಲ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಈ ಕಾಲು ಭಾಗದ ಸೀಟು ಕೊಡಬೇಕಿಲ್ಲವೆಂದು 2019ರಲ್ಲಿ ನಿಯಮವನ್ನೇ ತಿದ್ದಿ ಕೂತಿತು. ಸರ್ಕಾರಿ ಶಾಲೆ ಉಳಿಸಲು ಹೀಗೆ ಮಾಡಿದೆವು ಎಂದರು. ಉಳಿಸುವುದಾದರೆ ಶಿಕ್ಷಕರನ್ನು ಕೊಡಿ, ಹುಡುಗಿಯರಿಗೆ ನೀರಿರುವ ಶೌಚಾಲಯ ಕೊಡಿ. ಬಡವರ ಮಕ್ಕಳನ್ನು ಮಾತ್ರ ಕಟ್ಟಿಹಾಕಿ ಶಾಲೆ ಉಳಿಸುವುದು ಯಾವ ನ್ಯಾಯ?

ಇದೆಲ್ಲ ಮಂಗಳೂರಿನ, ದಿಲ್ಲಿಯ ಮಾತಾಯಿತು, ನಮಗೇನು ಎನ್ನುತ್ತೀರಾ? ನಮಗೇ ಎಲ್ಲರಿಗಿಂತ ಹೆಚ್ಚು. ಹುಣಸೂರು, ಪಿರಿಯಾಪಟ್ಟಣ ಹೊಗೆಸೊಪ್ಪಿನ ಸೀಮೆ. ಸೊಪ್ಪು ಮುರಿಯುವ, ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸುವ ದಿನಗಳಲ್ಲಿ ಎಷ್ಟು ಹುಡುಗಿಯರು ಶಾಲೆ ತಪ್ಪಿಸುತ್ತಾರೆಂದು ಹಾಜರಿ ಪುಸ್ತಕ ನೋಡಿ. ಎಚ್.ಡಿ. ಕೋಟೆಯ ಹಾಡಿಯ ಜೇನುಕುರುಬರ ಹುಡುಗಿಗೆ ಹೈಸ್ಕೂಲು ಎಂದರೆ ಕಾಡಿನಂಚಿನ ದಾರಿ, ಕಾಯಬೇಕಾದ ಬಸ್ಸು. ಕೆ.ಆರ್. ನಗರದಲ್ಲಿ ಗದ್ದೆಗೆ ನೀರಿದೆ, ಕೂಲಿಯವಳ ಮಗಳಿಗೆ ಏಳನೆಯ ತರಗತಿಯ ಮುಂದೆ ನೀರಿಲ್ಲ. ನಮ್ಮ ಹುಡುಗಿಯರು ಓದು ಬಿಡುವುದು ಬುದ್ಧಿ ಸಾಲದೆ ಅಲ್ಲ, ದಾರಿ ಸಾಲದೆ. ಮೈನೆರೆದ ಮಗಳನ್ನು ಸಂಜೆಗತ್ತಲಲ್ಲಿ ಮೂರು ಮೈಲಿ ನಡೆಸಲು ಅಪ್ಪ ಒಪ್ಪುವುದಿಲ್ಲ. ಅಲ್ಲಿಗೆ ಮುಗಿಯಿತು. ಹೆಣ್ಣಿನ ಶಿಕ್ಷಣದಲ್ಲಿ ಮಾಧ್ಯಮಕ್ಕಿಂತ ಮೊದಲಿನ ಪ್ರಶ್ನೆ ಅವಳು ರಾತ್ರಿ ಎಲ್ಲಿ ಮಲಗುತ್ತಾಳೆ ಎಂಬುದು.

ಇದನ್ನು ಅರ್ಥಮಾಡಿಕೊಂಡ ರಾಜಕಾರಣಿಯೊಬ್ಬರು ನಮ್ಮ ಹುಣಸೂರಿನವರೇ ಆಗಿದ್ದರು. ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಯಾದ ಮೇಲೆ ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲುಗಳನ್ನು ಹೆಚ್ಚಿಸಿದ್ದರಿಂದ ಮೊದಲ ತಲೆಮಾರಿನವರು ಎಷ್ಟು ಜನ ಓದಿ ಮೇಲೆ ಬಂದರೆಂಬುದು ಈ ಸೀಮೆಯ ಮನೆಮನೆಯ ಕತೆ. ಕನ್ಯಾಸ್ತ್ರೀಯರ ಬೋರ್ಡಿಂಗು, ಅರಸರ ಹಾಸ್ಟೆಲು, ಎರಡೂ ಕಂಡುಕೊಂಡ ಸತ್ಯ ಒಂದೇ. ಬಡವರ ಮಗುವಿಗೆ ಪುಸ್ತಕ ಕೊಟ್ಟರೆ ಸಾಲದು, ಒಂದು ಚಾಪೆ, ಒಂದು ತಟ್ಟೆ, ಒಂದು ದೀಪ ಬೇಕು. ಹಾಗಿರುವಾಗ ಮಠದ ಅಂಗಳದಲ್ಲಿ ಬೋರ್ಡಿಂಗು ಮುಚ್ಚಿ ಬಸ್ಸು ನಿಲ್ಲಿಸಲು ಜಾಗ ಮಾಡುತ್ತಿದ್ದಾರೆಂದರೆ, ಹೊಟ್ಟೆ ಉರಿಯದೆ ಇದ್ದೀತೇ?

‘ನಾವೇನು ಮಾಡೋಣ, ಕನ್ಯಾಸ್ತ್ರೀಯರಾಗಲು ಹುಡುಗಿಯರು ಮುಂದೆ ಬರುತ್ತಿಲ್ಲ, ಸಂಬಳಕ್ಕೆ ಟೀಚರನ್ನು ಇಡಬೇಕು, ಫೀಸು ಹೆಚ್ಚಿಸದೆ ಹೇಗೆ?’ ಎಂದು ಅವರು ಕೇಳುತ್ತಾರೆ. ಇದರಲ್ಲಿ ನಿಜವಿದೆ. ಸಂಬಳವಿಲ್ಲದೆ ದುಡಿದ ಸನ್ಯಾಸಿನಿಯರ ಬೆವರಿನಿಂದ ಹಳೆಯ ಶಾಲೆ ಅಗ್ಗವಾಗಿ ನಡೆಯಿತು. ಆ ಬೆವರಿಗೆ ಬೆಲೆ ಕಟ್ಟದೆ ಇಂದಿನವರನ್ನು ಬೈಯುವುದು ತಪ್ಪು. ಆದರೆ ಫೀಸು ಕೊಡುವವರ ಹಣದಲ್ಲಿ ಕೊಡಲಾರದವರನ್ನು ಓದಿಸುವ ಲೆಕ್ಕ ಅವರದೇ ಮನೆಯ ಹಳೆಯ ಲೆಕ್ಕ. ಅದು ಮರೆತುಹೋಗಿದ್ದರೆ ನೆನಪಿಸುವ ಹಕ್ಕು ಆ ಶಾಲೆಗಳಿಂದ ಉಪಕಾರ ಪಡೆದ ನಮ್ಮಂಥ ಮನೆಗಳಿಗಿದೆ.

ಆದ್ದರಿಂದ ಸಿಸ್ಟರುಗಳಲ್ಲಿ ನನ್ನ ಬೇಡಿಕೆ ಇಷ್ಟು. ಮುಂದಿನ ಉತ್ಸವದ ಸಂಚಿಕೆಯಲ್ಲಿ ಮಂತ್ರಿಗಳ ಸಂದೇಶಕ್ಕೆ ಕೊಡುವ ಪುಟಗಳನ್ನು ಚಿಕ್ಕ ಬಾಗಿಲಿನಿಂದ ಬಂದವರಿಗೆ ಕೊಡಿ. ನಿಮ್ಮ ಹಳೆಯ ದಾಖಲಾತಿ ಪುಸ್ತಕಗಳಲ್ಲಿ ಅನಾಥೆಯರ, ಬಿಟ್ಟಿ ಓದಿದವರ, ಟೀಚರಾಗಿ ಹಳ್ಳಿಗೆ ಹೋದವರ ಹೆಸರುಗಳು ಗೆದ್ದಲು ತಿನ್ನುತ್ತಿರಬಹುದು. ಅವನ್ನು ಹೊರಗೆ ತೆಗೆಯಿರಿ. ಕಾಯಿದೆ ಕೇಳದಿದ್ದರೂ ಕಾಲು ಭಾಗ ಸೀಟುಗಳನ್ನು ಬಡ ಹುಡುಗಿಯರಿಗೆ ನೀವಾಗಿಯೇ ತೆರೆಯಿರಿ, ಈ ಸಲ ಒಂದೇ ಬಾಗಿಲಿನಿಂದ, ಒಂದೇ ಬೆಂಚಿನಲ್ಲಿ. ಕನ್ನಡ ಮಾತಾಡಿದ್ದಕ್ಕೆ ದಂಡ ಹಾಕುವ ಕಡೆ ಆ ದಂಡ ನಿಲ್ಲಲಿ. ಇಂಗ್ಲಿಷನ್ನು ಚೆನ್ನಾಗಿ ಕಲಿಸಿ, ಬೇಡವೆಂದವರಾರು? ಅದಕ್ಕೆ ಕನ್ನಡವನ್ನು ಹೊಸಿಲಾಚೆ ನಿಲ್ಲಿಸಬೇಕಿಲ್ಲ. ನಮ್ಮ ನಾಲ್ಕು ತಾಲೂಕುಗಳಲ್ಲಿ ಮಠಕ್ಕೆ ಜಾಗವಿದ್ದ ಕಡೆ ಬಸ್ಸಿಗಿಂತ ಮೊದಲು ಒಂದು ಬೋರ್ಡಿಂಗು ಕಟ್ಟಿ.

ಇನ್ನು ಮಗಳಿಗೆ ಶಾಲೆ ಹುಡುಕುತ್ತಿರುವ ತಾಯಂದಿರಲ್ಲಿ. ನಿಮ್ಮ ಆಸೆ ತಪ್ಪಲ್ಲ. ಇಂಗ್ಲಿಷಿಲ್ಲದೆ ಕೆಲಸವಿಲ್ಲವೆಂಬ ಲೋಕವನ್ನು ಕಟ್ಟಿದವರು ನೀವಲ್ಲ. ಆದರೆ ಫಾರಂ ತುಂಬುವ ಮುನ್ನ ಆಫೀಸಿನಲ್ಲಿ ಕುಳಿತವರನ್ನು ಇವನ್ನೂ ಕೇಳಿ. ಒಂದನೆಯ ತರಗತಿಗೆ ಸೇರಿದ ಹುಡುಗಿಯರಲ್ಲಿ ಎಷ್ಟು ಮಂದಿ ಹತ್ತನೆಯದನ್ನು ಮುಟ್ಟಿದರು? ಟೀಚರಮ್ಮನಿಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ? ಆಡಳಿತ ಮಂಡಳಿಯಲ್ಲಿ ಮಾತಾಡುವ ಹೆಂಗಸರು ಎಷ್ಟು ಜನ? ನಮ್ಮ ಮನೆಯ ಪಾತ್ರೆ ತೊಳೆಯುವವಳ ಮಗಳು ಇದೇ ಬೆಂಚಿನಲ್ಲಿ ಕೂರುತ್ತಾಳೆಯೇ? ಕೊನೆಯ ಪ್ರಶ್ನೆಯನ್ನು ಕೇಳುವಾಗ ಅವರ ಮುಖ ನೋಡಿದಂತೆ ನಿಮ್ಮ ಪಕ್ಕದಲ್ಲಿ ಕ್ಯೂ ನಿಂತ ತಾಯಂದಿರ ಮುಖವನ್ನೂ ನೋಡಿ. ‘ಅಂಥವರ ಜೊತೆ ನಮ್ಮ ಮಗಳನ್ನು ಕೂರಿಸಬೇಡಿ’ ಎಂದು ಮೆಲ್ಲಗೆ ಹೇಳಿ ಬಂದವರು ಅವರಲ್ಲಿ ಇದ್ದೇ ಇರುತ್ತಾರೆ. ಶಾಲೆಯವರು ಬಾಗಿಲು ಮುಚ್ಚಿದ್ದು ಆ ಮೆಲ್ಲನೆಯ ಮಾತಿಗೂ ಹೌದು.

ಫೀಸು ಕಟ್ಟುವವರ ಬಾಯಿಗೆ ಬೆಲೆಯಿದೆ. ಆ ಬೆಲೆಯನ್ನು ಇಂಗ್ಲಿಷ್ ಕೇಳುವುದಕ್ಕೆ ಬಳಸಿದ್ದಾಯಿತು, ಟೈ ಕೇಳುವುದಕ್ಕೆ, ಬಸ್ಸು ಕೇಳುವುದಕ್ಕೆ ಬಳಸಿದ್ದಾಯಿತು. ಈ ಜೂನಿನಲ್ಲಿ ಪೋಷಕರ ಸಭೆ ಕರೆದಾಗ ಎದ್ದು ನಿಂತು ಒಂದೇ ಒಂದು ಮಾತು ಕೇಳಿ: ‘ಸಿಸ್ಟರ್, ಈ ವರ್ಷ ಫೀಸಿಲ್ಲದೆ ಎಷ್ಟು ಹುಡುಗಿಯರನ್ನು ಸೇರಿಸಿಕೊಂಡಿರಿ?’ ಉತ್ತರ ಬರುವವರೆಗೆ ಕೂರಬೇಡಿ.